ಬ್ರೇಕ್ ಮುಟ್ಟದ ಚಿಕ್ಕಬೀರಪ್ಪ

ಅಜ್ಜಂಪುರದ ರೈಲ್ವೆ ಗೇಟಿನ ಬಳಿ ಚಿಕ್ಕಬೀರಪ್ಪನ ಸೈಕಲ್ ಶಾಪ್ ಇತ್ತು. ಶಾಪ್ ಎಂದರೆ ಮೂರು ತಗಡು, ಒಂದು ಹಲಗೆ, ಪಂಚರ್ ನೋಡಲು ನೀರು ತುಂಬಿಟ್ಟ ಬಾಂಡ್ಲಿ, ಬೇವಿನ ಕೊಂಬೆಗೆ ನೇತುಹಾಕಿದ ಹಳೇ ಟೈರುಗಳು. ಗಾಳಿ ಬೇಕಾದವರು ಬರುತ್ತಿದ್ದರು, ಪಂಚರ್ ಆದವರು ಬರುತ್ತಿದ್ದರು. ಬ್ರೇಕ್ ಕೆಟ್ಟವರು ಮಾತ್ರ ಸೈಕಲ್ ತಳ್ಳಿಕೊಂಡು ಅವನ ಅಂಗಡಿ ದಾಟಿ, ಬಸ್ ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಶಾಪಿಗೆ ಹೋಗುತ್ತಿದ್ದರು. ಆ ಶಾಪಿನವನು ಬ್ರೇಕಿನ ಕಂಬಿಗೆ ತಂತಿ ಸುತ್ತಿ ಕಳಿಸುತ್ತಿದ್ದ. ಅವನ ಕೆಲಸ ಒಂದು ಸಂತೆಯಿಂದ ಇನ್ನೊಂದು ಸಂತೆಯವರೆಗೆ ಬಾಳಿದರೆ ಹೆಚ್ಚು. ಆದರೂ ಜನ ಅಲ್ಲಿಗೇ ಹೋಗುತ್ತಿದ್ದರು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಚಿಕ್ಕಬೀರಪ್ಪ ಬ್ರೇಕ್ ಹಾಕಿದ ಸೈಕಲ್ಲಿನಿಂದ ಬಿದ್ದು ಒಬ್ಬ ಹುಡುಗ ಸತ್ತನಂತೆ ಎಂಬ ಮಾತು, ಅವನು ಗಂಟುಮೂಟೆ ಕಟ್ಟಿಕೊಂಡು ಅಜ್ಜಂಪುರದಲ್ಲಿ ಇಳಿಯುವ ಮುಂಚೆಯೇ ಬಂದು ಕೂತಿತ್ತು.

ಇದೇ ಮನುಷ್ಯನ ಕೈಗೆ ಒಂದು ಕಾಲದಲ್ಲಿ ಕಡೂರಿನಿಂದ, ತರೀಕೆರೆಯಿಂದ, ಇದೇ ಅಜ್ಜಂಪುರದಿಂದ ಸೈಕಲ್ಲುಗಳನ್ನು ಬಸ್ಸಿನ ಮೇಲೆ ಹಾಕಿಸಿ ಕಳಿಸುತ್ತಿದ್ದರು ಎಂದರೆ ನಂಬುವವರು ಯಾರೂ ಇರಲಿಲ್ಲ. ನಂಬಿಸುವ ಹಟ ಅವನಿಗೂ ಇರಲಿಲ್ಲ.

ಅವನ ಅಪ್ಪ ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾಡಿನಲ್ಲಿ ಅಮೃತಮಹಲ್ ದನ ಕಾಯುತ್ತಿದ್ದವನು. ಆ ದನಗಳು ಕೊಟ್ಟಿಗೆಯ ಸಾಧುಗಳಲ್ಲ. ಹುಲ್ಲು ನೀರು ಇದ್ದಲ್ಲಿಗೆ ಅವು ಹೋಗುತ್ತವೆ, ಮನುಷ್ಯ ಅವುಗಳ ಹಿಂದೆ ಹೋಗಬೇಕು. ಹಾಗೆ ಹೋಗಿ ಹೋಗಿ, ಹತ್ತು ವರ್ಷ ತುಂಬುವುದರೊಳಗೆ ಚಿಕ್ಕಬೀರಪ್ಪನಿಗೆ ಕಾವಲಿನ ಒಂದೊಂದು ಕಾಲುದಾರಿಯೂ ಗೊತ್ತಿತ್ತು. ಚಿಗರೆ ಹಿಂಡು ಎಲ್ಲಿ ಅಡ್ಡ ಹಾಯುತ್ತದೆ, ತೋಳ ಎಲ್ಲಿ ಮರಿ ಹಾಕುತ್ತದೆ, ಯಾವ ಹಳ್ಳದ ಮಗ್ಗುಲಲ್ಲಿ ಕರಡಿ ಹುತ್ತ ಕೆದಕುತ್ತದೆ, ಎಲ್ಲ. ಹದಿನಾರಕ್ಕೆ ಬೀರೂರಿನ ಸೈಕಲ್ ಶಾಪೊಂದಕ್ಕೆ ಕೆಲಸಕ್ಕೆ ಸೇರಿದ. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಕಾಶಮ್ಮನನ್ನು ಮದುವೆಯಾಗಿ ಲಿಂಗದಹಳ್ಳಿಯಲ್ಲಿ ಸ್ವಂತ ಅಂಗಡಿ ಇಟ್ಟ.

ಲಿಂಗದಹಳ್ಳಿಯೇ ಯಾಕೆಂದರೆ, ಅಲ್ಲಿಗೆ ಗುಡ್ಡದಿಂದ ಸೈಕಲ್ಲುಗಳು ಇಳಿಯುತ್ತಿದ್ದವು. ಕಾವಲಿನ ಕಡೆಯ ಜನ ಸೌದೆ, ಸೀಗೆಕಾಯಿ, ಜೇನುತುಪ್ಪ ಹೇರಿಕೊಂಡು ಗುಡ್ಡದ ಹೆಗಲು ದಾಟಿ ಬರುತ್ತಿದ್ದರು. ಪೇಟೆಯ ಹೊಸ ಸೈಕಲ್ ಆ ದಾರಿಯಲ್ಲಿ ಆರು ತಿಂಗಳು ಬಾಳುತ್ತಿರಲಿಲ್ಲ. ಚಿಕ್ಕಬೀರಪ್ಪ ಮೊದಲು ಮಾಡುತ್ತಿದ್ದ ಕೆಲಸ ಮಡ್‌ಗಾರ್ಡ್ ಕಿತ್ತು ಹಾಕುವುದು. ಅದರೊಳಗೆ ಜೇಡಿಮಣ್ಣು ಮೆತ್ತಿಕೊಂಡರೆ ಚಕ್ರ ತಿರುಗುವುದಿಲ್ಲ. ಆಮೇಲೆ ಚೈನ್ ಕವರ್. ಆಮೇಲೆ ಹಿಂದಿನ ಫ್ರೀವೀಲ್ ತೆಗೆದು, ಹೆಚ್ಚು ಹಲ್ಲಿರುವ ಇನ್ನೊಂದು ಹಾಕುತ್ತಿದ್ದ. ಅದರಿಂದ ಏರು ಹತ್ತುವಾಗ ತೊಡೆ ಸೋಲುತ್ತಿರಲಿಲ್ಲ. ಮುಂದಿನ ಫೋರ್ಕಿಗೆ ಎರಡೂ ಕಡೆ ಜೋಡಿ ಕಂಬಿ. ಪೇಟೆಯ ಬ್ರೇಕ್ ರಬ್ಬರು ಇಳಿಜಾರಿನಲ್ಲಿ ಬೆಣ್ಣೆಯ ಹಾಗೆ ಸವೆಯುತ್ತದೆಂದು ಲಾರಿ ಟೈರು ಕುಯ್ದು ತಾನೇ ರಬ್ಬರು ಮಾಡುತ್ತಿದ್ದ. ಹೊಸ ಸೈಕಲ್ ಕೊಂಡವರು ಮೊದಮೊದಲು ಅಳುವುದೊಂದು ಬಾಕಿ. "ಬೀರ ಸೈಕಲ್ಲಿನ ಬಟ್ಟೆ ಬಿಚ್ಚಿ ಕಳಿಸ್ತಾನೆ ಕಣ್ರಪ್ಪಾ" ಎಂದು ಹೋಟೆಲಿನಲ್ಲಿ ನಗುತ್ತಿದ್ದರು. ಒಂದು ಮಳೆಗಾಲ ಕಳೆದ ಮೇಲೆ ನಕ್ಕವರೇ ಬಂದು ಸಾಲುಗಟ್ಟಿದರು.

ಇಳಿಜಾರಿಗೆ ಮಾತ್ರ ಯಾವ ರಬ್ಬರೂ ಸಾಲದು. ಸೌದೆ ಹೇರುವವರು ಮೊದಲಿನಿಂದ ಒಂದು ಉಪಾಯ ಮಾಡುತ್ತಿದ್ದರು: ಗುಡ್ಡದ ನೆತ್ತಿಯಲ್ಲಿ ಒಂದು ಕೊಂಬೆ ಕಡಿದು ಸೈಕಲ್ಲಿನ ಹಿಂದೆ ಕಟ್ಟುವುದು. ಕೊಂಬೆ ನೆಲ ತರಚಿಕೊಂಡು ಬರುತ್ತಿದ್ದರೆ ಸೈಕಲ್ ಓಡಿಹೋಗುವುದಿಲ್ಲ. ಇದಕ್ಕೆ ಬಾಲ ಎಂದು ಹೆಸರು. ಚಿಕ್ಕಬೀರಪ್ಪ ಅದನ್ನು ಒಂದು ಶಾಸ್ತ್ರವನ್ನಾಗಿ ಮಾಡಿದ. ಕೊಂಬೆ ಕಗ್ಗಲಿ ಮರದ್ದೇ ಆಗಬೇಕು, ಆಳುದ್ದ ಇರಬೇಕು. ಗಂಟು, ಅವನ ಅಪ್ಪ ದನ ಕಟ್ಟುತ್ತಿದ್ದ ಗಂಟು. ದನ ಎಷ್ಟು ಜಗ್ಗಿದರೂ ಬಿಗಿಯುತ್ತಲೇ ಹೋಗುತ್ತದೆ, ಮನುಷ್ಯ ಹಗ್ಗದ ತುದಿ ಹಿಡಿದು ಎಳೆದರೆ ಮಾತ್ರ ಬಿಚ್ಚುತ್ತದೆ. ಸವಾರನಿಗೆ ತನ್ನ ಬೆನ್ನ ಹಿಂದಿನ ಗಂಟು ಕಾಣುವುದಿಲ್ಲವಾದ್ದರಿಂದ ಅವನೊಂದು ನಿಯಮ ಹಾಕಿದ: ಹಿಂದಿನವನು ಮುಂದಿನವನ ಗಂಟು ನೋಡಬೇಕು. "ಬ್ರೇಕು ನಿಲ್ಸೋಕೆ, ಬಾಲ ಇಳಿಯೋಕೆ" ಎನ್ನುತ್ತಿದ್ದ. ಇನ್ನೊಂದು, ಸೀಟಿನ ಕೆಳಗೆ ದನದ ಗಂಟೆ. ಸೈಕಲ್ಲು ಸದ್ದಿಲ್ಲದೆ ಹೋಗುವ ವಸ್ತು, ಕರಡಿಗೆ ಕಿವಿ ಮಂದ. ಎದುರಾಬದುರಾ ಆದರೆ ಕರಡಿ ಕೈ ಹಾಕುವುದು ಮುಖಕ್ಕೇ.

ಎಪ್ಪತ್ತನಾಲ್ಕರಲ್ಲಿ ಈ ದಾರಿಗೆ ಹೊಟ್ಟೆಪಾಡಿನವರಲ್ಲದ ಸವಾರರು ಬಂದರು. ಅವರಲ್ಲಿ ಮೊದಲನೆಯವರು ಜಯದೇವಪ್ಪ ಮೇಷ್ಟ್ರು. ಬಿಳಿ ಪ್ಯಾಂಟು, ಬಿಳಿ ಷರ್ಟು, ಶಾಲೆಯ ಬಾವುಟ ಏರಿಸುವುದು, ಹುಡುಗರಿಗೆ ಕವಾಯತು ಮಾಡಿಸುವುದು ಅವರ ಪಾಲಿನ ಕೆಲಸ. ಒಂದು ದಿನ ಪೆಡಲ್ ಸರಿ ಮಾಡಿಸಲು ಬಂದವರು, ಸೌದೆಯವರ ಸೈಕಲ್ಲುಗಳನ್ನು ನೋಡಿ, "ಬೀರಣ್ಣ, ನನ್ನನ್ನೂ ಒಂದ್ಸಲ ಗುಡ್ಡಕ್ಕೆ ಕರ್ಕೊಂಡೋಗು" ಎಂದರು. ಹೋದರು. ಬಿದ್ದರು, ಮೊಣಕಾಲು ಕಿತ್ತುಕೊಂಡರು, ಮುಂದಿನ ಭಾನುವಾರ ಮತ್ತೆ ಬಂದರು. ಅವರ ಹಿಂದೆ ಕಡೂರಿನ ಪೋಸ್ಟ್‌ಮ್ಯಾನ್ ಪುಟ್ಟಯ್ಯ, ತರೀಕೆರೆಯ ಒಬ್ಬ ಬ್ಯಾಂಕ್ ಗುಮಾಸ್ತ, ಅಜ್ಜಂಪುರದ ಇಬ್ಬರು ಅಂಗಡಿಯವರು, ಹೀಗೆ ಹತ್ತು ಹನ್ನೆರಡು ಜನ ಕೂಡಿಕೊಂಡರು. ಭಾನುವಾರ ಬೆಳಿಗ್ಗೆ ಎಮ್ಮೆದೊಡ್ಡಿ ಕಾವಲಿನಲ್ಲಿ ಸೇರುವುದು, ಚಿಗರೆ ನೋಡುವುದು, ಗುಡ್ಡದ ಹೆಗಲು ಹತ್ತಿ ಬುತ್ತಿ ಬಿಚ್ಚುವುದು, ಬಾಲ ಕಟ್ಟಿ ಲಿಂಗದಹಳ್ಳಿ ಕಡೆಗೆ ಇಳಿಯುವುದು. ಮುಂದೆ ಯಾವಾಗಲೂ ಚಿಕ್ಕಬೀರಪ್ಪ, ಕಟ್ಟಕಡೆಗೆ ಮೇಷ್ಟ್ರು.

ಆ ಎರಡೂವರೆ ವರ್ಷ ಚಿಕ್ಕಬೀರಪ್ಪ ನೆಲದ ಮೇಲೆ ನಡೆಯಲಿಲ್ಲ. ಬ್ಯಾಂಕಿನವನು ಅವನಿಗೆ 'ಕ್ಯಾಪ್ಟನ್' ಎನ್ನುತ್ತಿದ್ದ. ಮೇಷ್ಟ್ರು ಅವನ ಹಲಗೆಯ ಮೇಲೆ, ಅವನ ಪಕ್ಕದಲ್ಲೇ ಕುಳಿತು, ಒಂದೇ ಟೀಯನ್ನು ಎರಡು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಅಷ್ಟು ಓದಿದವರೊಬ್ಬರು ಗ್ರೀಸು ಮೆತ್ತಿದ ಹಲಗೆಯ ಮೇಲೆ ಬಿಳಿ ಬಟ್ಟೆ ಲೆಕ್ಕಿಸದೆ ಕೂರುತ್ತಾರೆಂದರೆ ಅದನ್ನು ಮರೆಯುವುದು ಹೇಗೆ? ಅವನು ಮರೆಯಲಿಲ್ಲ, ಅದೇ ಅವನಿಗೆ ಮುಳುವಾಯಿತು.

ಎಪ್ಪತ್ತಾರರ ದೀಪಾವಳಿಗೆ ಈ ಸೈಕಲ್ ಬಳಗಕ್ಕೆ ಬಸವರಾಜ ಸೇರಿದ. ಲಿಂಗದಹಳ್ಳಿಯ ಅಡಿಕೆ ಮಂಡಿ ಷಣ್ಮುಖಪ್ಪನವರ ಒಬ್ಬನೇ ಮಗ, ಇಪ್ಪತ್ತೊಂದು ವರ್ಷ, ಹಲ್ಲು ಕಾಣದೆ ನಗಲು ಬಾರದ ಹುಡುಗ. ಅವನ ತಂಗಿ ಮಲ್ಲಿಕಾಂಬಳಿಗೂ ಮೇಷ್ಟ್ರ ಮಗನಿಗೂ ಮಾತುಕತೆ ಮುಗಿದು, ವೈಶಾಖಕ್ಕೆ ಮದುವೆ ಎಂದು ನಿಶ್ಚಯವಾಗಿತ್ತು. ಬಸವರಾಜನ ಹೊಸ ಸೈಕಲ್ಲಿಗೆ ಚಿಕ್ಕಬೀರಪ್ಪ ಹದಿನೈದು ದಿನ ಕೆಲಸ ಮಾಡಿದ. ಅಂಥ ಸೈಕಲ್ಲನ್ನು ಮುಂಚೆಯೂ ಮಾಡಿರಲಿಲ್ಲ, ಆಮೇಲೆ ಮಾಡುವ ಅವಕಾಶವೂ ಬರಲಿಲ್ಲ. ಕೊನೆಗೆ ತನ್ನ ಅಪ್ಪನ ಮುಂದಾಳು ಎತ್ತಿನ ಕಂಚಿನ ಗಂಟೆಯನ್ನೇ ತಂದು ಅದರ ಸೀಟಿನ ಕೆಳಗೆ ಕಟ್ಟಿದ.

"ಅದ್ಯಾಕೆ ಕೊಟ್ರಿ? ಮಾವನ ಗ್ಯಾಪಕಕ್ಕೆ ಅಂತ ಇದ್ದಿದ್ದು ಅದೊಂದೇ" ಎಂದು ಕಾಶಮ್ಮ ಗೊಣಗಿದಳು.

"ಮೊಳೆಗೆ ನೇತಾಕಿದ್ರೆ ಬಾರ್ಸೋರ್ಯಾರೇ? ಗುಡ್ಡದಲ್ಲಿ ಬಾರ್ಸಲಿ ಬಿಡು" ಎಂದ.

ಎಪ್ಪತ್ತೇಳರ ಶಿವರಾತ್ರಿ ಕಳೆದ ಭಾನುವಾರ. ಗುಡ್ಡ ಒಣಗಿ ನಿಂತಿತ್ತು, ದಾರಿಯ ಮೇಲೆ ಕಣಕಾಲು ಮಟ್ಟದ ಧೂಳು. ಒಂಬತ್ತು ಜನ ಇದ್ದರು. ಬುತ್ತಿ ಮುಗಿಸಿ ಬಾಲ ಕಟ್ಟಿದರು. ಚಿಕ್ಕಬೀರಪ್ಪ ಒಬ್ಬೊಬ್ಬರ ಗಂಟನ್ನೂ ತಾನೇ ಒಮ್ಮೆ ಜಗ್ಗಿ ನೋಡಿ, ಮುಂದೆ ಹೊರಟ. ಕೆಳಗೆ ಹಳ್ಳದ ದಂಡೆಯಲ್ಲಿ ನಿಂತು ಬರುವವರ ಗಂಟೆ ಎಣಿಸುವುದು ಅವನ ರೂಢಿ. ಒಂದಾದ ಮೇಲೊಂದು ಆರು ಸೈಕಲ್ಲು ಇಳಿದವು. ಉಳಿದವರು ಬಸವರಾಜ, ಅವನ ಹಿಂದೆ ಮೇಷ್ಟ್ರು. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಮೇಲಿನಿಂದ ಕಂಚಿನ ಗಂಟೆಯ ಸದ್ದು ಬಂತು. ಬಾಲ ಕಟ್ಟಿದ ಸೈಕಲ್ಲಿನ ಗಂಟೆ ನಿಧಾನವಾಗಿ, ಮೇಯುವ ದನದ ಗಂಟೆಯ ಹಾಗೆ ಕೇಳಬೇಕು. ಇದು ಬೆದರಿ ಓಡುವ ದನದ ಗಂಟೆ. ಬಾಲ ಇಲ್ಲ ಎಂದು ಹೊಳೆದು ಅವನು ಮೇಲಕ್ಕೆ ಓಡುವುದರೊಳಗೆ ಕರಡಿಬಂಡೆಯ ತಿರುವಿನಲ್ಲಿ ಸದ್ದು ನಿಂತುಹೋಯಿತು.

ಹುಡುಗ ಬಂಡೆಯಿಂದ ಎರಡಾಳುದ್ದ ಕೆಳಗೆ ಬಿದ್ದಿದ್ದ. ಉಸಿರಿತ್ತು. ಕಂಬಳಿಯಲ್ಲಿ ಹೊತ್ತು ಇಳಿಸಿದರು, ಮಂಡಿಯ ಲಾರಿಯಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದರು. ತಾಯಿ ತೀರ್ಥಮ್ಮ ಲಾರಿಯಲ್ಲೇ ಹೋದರು. ಎರಡು ದಿನ ಇದ್ದು ಮೂರನೆಯ ದಿನ ಬಸವರಾಜ ತೀರಿಕೊಂಡ.

ಎಲ್ಲರೂ ಲಾರಿಯ ಹಿಂದೆ ಹೋದಾಗ ಚಿಕ್ಕಬೀರಪ್ಪ ಒಬ್ಬನೇ ಗುಡ್ಡ ಹತ್ತಿದ್ದ. ಗಂಟು ಬಿಚ್ಚಿತೋ, ಹಗ್ಗ ಹರಿಯಿತೋ ನೋಡಬೇಕಿತ್ತು. ಹರಿದಿದ್ದರೆ ತಪ್ಪು ತನ್ನದೇ. ಹಗ್ಗ ತಾನು ಕೊಟ್ಟದ್ದು. ನೆತ್ತಿಯಿಂದ ಸ್ವಲ್ಪ ಕೆಳಗೆ, ದಾರಿಯ ಪಕ್ಕದಲ್ಲಿ ಕಗ್ಗಲಿ ಕೊಂಬೆ ಬಿದ್ದಿತ್ತು. ಹಗ್ಗ ಹರಿದಿರಲಿಲ್ಲ. ಎಂಟರ ಆಕಾರದಲ್ಲಿ ಅಂದವಾಗಿ ಸುತ್ತಿ, ನಡುವೆ ಒಂದು ಸುತ್ತು ಹಾಕಿ, ಕಲ್ಲಿನ ಮೇಲೆ ಇಟ್ಟಿತ್ತು. ಬಾವುಟದ ಹಗ್ಗವನ್ನು ಹಾಗೆ ಸುತ್ತುವವರು ಊರಿಗೆ ಒಬ್ಬರೇ. ಚಿಕ್ಕಬೀರಪ್ಪ ಆ ಕಲ್ಲಿನ ಪಕ್ಕ ಕುಳಿತುಬಿಟ್ಟ. ಆಮೇಲೆ ಹಗ್ಗ ಎತ್ತಿಕೊಂಡು ಇಳಿದ.

ಮರುದಿನ ಬೆಳಿಗ್ಗೆ ಮೇಷ್ಟ್ರು ಅಂಗಡಿಗೆ ಬಂದರು. ಎರಡು ದಿನದ ಗಡ್ಡ, ಅದೇ ಬಿಳಿ ಬಟ್ಟೆ, ಮೈಯೆಲ್ಲ ಕೆಂಧೂಳು. ಹಲಗೆಯ ಮೇಲಿದ್ದ ಹಗ್ಗ ಕಂಡು ಅಲ್ಲೇ ನಿಂತರು.

"ಧೂಳು ಕುಡಿದೂ ಕುಡಿದೂ ಸಾಕಾಗಿತ್ತು ಬೀರಣ್ಣ" ಎಂದರು. "ಅವನ ಬಾಲದ ಧೂಳೆಲ್ಲ ನನ್ನ ಕಣ್ಣಿಗೇ ಬರ್ತಿತ್ತು. ಬ್ರೇಕ್ ಅಷ್ಟು ಚೆನ್ನಾಗಿದೆಯಲ್ಲೋ, ಬಾಲ ಯಾಕೋ ಅಂದೆ. ಬೇಡ ಮೇಷ್ಟ್ರೇ, ಬೀರಣ್ಣ ಬೈತಾನೆ ಅಂದ. ನಾನೇ ಬಿಚ್ಚಿದೆ."

ಬೇಡ ಎಂದಿದ್ದನಲ್ಲ ಹುಡುಗ ಎಂಬುದೊಂದೇ ಚಿಕ್ಕಬೀರಪ್ಪನ ತಲೆಯಲ್ಲಿ ಸುತ್ತುತ್ತಿತ್ತು.

"ಈಗ ಗೊತ್ತಾದ್ರೆ ಈ ಮದುವೆ ಮುರಿಯುತ್ತೆ. ಹುಡುಗ ಉಳೀತಾನೋ ಇಲ್ವೋ ತಿಳೀದು. ಅವರ ಮಗನಿಗೆ ಹಿಂಗಾಯ್ತು, ಮಗಳ ಬಾಳೂ ಮುಳುಗಬೇಕಾ? ಸ್ವಲ್ಪ ದಿನ ತಡಿ. ಮದುವೆ ಒಂದು ಆಗಲಿ. ನಾನೇ ಷಣ್ಮುಖಪ್ಪನೋರ ಕಾಲು ಹಿಡ್ಕೊಂಡು ಎಲ್ಲಾ ಹೇಳ್ತೀನಿ. ಆ ಶಿವನಾಣೆ. ನೀನು ಸುಳ್ಳು ಹೇಳು ಅನ್ನಲ್ಲ. ಸುಮ್ಮನಿರು ಅಷ್ಟೇ. ಯಾರಿಗೂ ಹೇಳಬೇಡ, ಮನೇಲೂ ಹೇಳಬೇಡ."

ಮೇಷ್ಟ್ರು ಅವನ ಕೈ ಹಿಡಿದುಕೊಂಡು ಅಳುತ್ತಿದ್ದರು. ತನ್ನ ಕೈ ಹಿಡಿದು ಅತ್ತ ದೊಡ್ಡ ಮನುಷ್ಯರನ್ನು ಚಿಕ್ಕಬೀರಪ್ಪ ಅದುವರೆಗೆ ಕಂಡಿರಲಿಲ್ಲ. "ಆಯ್ತು ಮೇಷ್ಟ್ರೇ, ಹೇಳಲ್ಲ" ಎಂದ. ಹಗ್ಗವನ್ನು ಅವರ ಕೈಗೇ ಕೊಟ್ಟ. ಬೆಪ್ಪುತಕ್ಕಡಿ! ಕೈಯಲ್ಲಿದ್ದ ಒಂದೇ ಒಂದು ಸಾಕ್ಷಿಯನ್ನು ಆ ರೀತಿ ಕಾಣಿಕೆಯ ಹಾಗೆ ಕೊಡುವವರನ್ನು ಇನ್ನೇನೆನ್ನಬೇಕು?

ಹುಡುಗನ ಶಿವಗಣಾರಾಧನೆ ಮುಗಿದ ನಾಲ್ಕನೆಯ ದಿನ ಮಂಡಿಯ ಜಗುಲಿಗೆ ಚಿಕ್ಕಬೀರಪ್ಪನನ್ನು ಕರೆಸಿದರು. ಊರಿನ ಹಿರಿಯರಿದ್ದರು, ಸೈಕಲ್ ಬಳಗದವರಿದ್ದರು. ಕಂಬಕ್ಕೊರಗಿ ಮೇಷ್ಟ್ರೂ ಕುಳಿತಿದ್ದರು. ಷಣ್ಮುಖಪ್ಪ ಹತ್ತು ದಿನದಲ್ಲಿ ಹತ್ತು ವರ್ಷ ಮುದುಕರಾಗಿದ್ದರು. ಅವರು ಕೂಗಾಡಲಿಲ್ಲ. ಒಂದೇ ಒಂದು ಮಾತು ಕೇಳಿದರು.

"ಬೀರಪ್ಪ, ಬ್ರೇಕ್ ಸರಿ ಇತ್ತೇನಪ್ಪಾ?"

ಚಿಕ್ಕಬೀರಪ್ಪ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ನೆಲ ನೋಡುತ್ತಿದ್ದರು. ಸರಿ ಇತ್ತು ಎಂದರೆ, ಹಾಗಾದರೆ ಹುಡುಗ ಬಿದ್ದದ್ದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಬಾಲ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಸರಿ ಇರಲಿಲ್ಲ ಎಂಬ ಸುಳ್ಳು ಅವನ ನಾಲಿಗೆಗೆ ಬರುವಂಥದ್ದಲ್ಲ. ಅವನು ತಲೆ ತಗ್ಗಿಸಿ ನಿಂತ.

"ಮೌನಂ ಸಮ್ಮತಿ ಲಕ್ಷಣಂ" ಎಂದರು ಹಿರಿಯರೊಬ್ಬರು.

"ಲಾರಿ ಟೈರು ಕುಯ್ದು ಬ್ರೇಕ್ ಮಾಡಿದ್ರೆ ಇನ್ನೇನಾಗುತ್ತೆ?" ಎಂದ ಬ್ಯಾಂಕಿನವನು. ಅದೇ ರಬ್ಬರು ಅವನ ಸೈಕಲ್ಲಿನಲ್ಲೂ ಇತ್ತು. ಅದೇ ರಬ್ಬರಿನ ಮೇಲೆ ಎರಡು ವರ್ಷ ಗುಡ್ಡ ಇಳಿದಿದ್ದ.

ಯಾರೋ ಪೊಲೀಸು ಎಂದರು. ಷಣ್ಮುಖಪ್ಪ ಕೈ ಎತ್ತಿದರು. "ಬೇಡ. ಕೇಸು ಗೀಸು ಏನೂ ಬೇಡ. ಹೋದ ಮಗ ಬರ್ತಾನಾ? ಬೇಕೂ ಅಂತ ಮಾಡಿಲ್ಲ ಪಾಪ. ಅವನ ಪಾಡಿಗೆ ಅವನು ಬದುಕ್ಕೊಳ್ಲಿ, ಬಿಟ್ಟುಬಿಡಿ." ಅಂಥ ದೊಡ್ಡ ಮನಸ್ಸು ಯಾರಿಗಿದ್ದೀತು ಎಂದು ಊರು ತಿಂಗಳುಗಟ್ಟಲೆ ಮಾತಾಡಿಕೊಂಡಿತು. ಚಿಕ್ಕಬೀರಪ್ಪನ ಕಣ್ಣಲ್ಲೂ ನೀರು ಬಂದಿತ್ತು. ಆ ಮನುಷ್ಯನಿಗೆ ನಿಜ ಹೇಳದೆ ಮೋಸ ಮಾಡುತ್ತಿದ್ದೇನಲ್ಲಾ ಎಂದು ಅವನು ಮರುಗಿದ.

ವೈಶಾಖದಲ್ಲಿ ಮದುವೆ ಸದ್ದುಗದ್ದಲವಿಲ್ಲದೆ ನಡೆಯಿತು. ಮೇಷ್ಟ್ರು ಕಾಲು ಹಿಡಿಯುತ್ತೇನೆ ಎಂದಿದ್ದರಲ್ಲ, ಅದಕ್ಕಾಗಿ ಚಿಕ್ಕಬೀರಪ್ಪ ಕಾದ. ಕಾರ್ತಿಕದವರೆಗೆ ಕಾದು ತಾನೇ ಹೋಗಿ ಕೇಳಿದ. ಸೊಸೆ ಬಸುರಿ, ಈಗ ಬೇಡ ಎಂದರು. ಮೊಮ್ಮಗ ಹುಟ್ಟಿದ ಮೇಲೆ ಇನ್ನೊಮ್ಮೆ ಹೋದ. ಮೇಷ್ಟ್ರು ಬಾಗಿಲಲ್ಲೇ ನಿಂತು, "ಆಗಿದ್ದು ಆಗೋಯ್ತು ಬೀರಪ್ಪ, ಕೆದಕಿ ಏನು ಪ್ರಯೋಜನ?" ಎಂದರು. ಬೀರಣ್ಣ ಹೋಗಿ ಬೀರಪ್ಪ ಆಗಿದ್ದ. ಒಳಗೆ ಬಾ ಎನ್ನಲಿಲ್ಲ.

ಅಷ್ಟರಲ್ಲಿ ಅಂಗಡಿ ಮುಗಿದಿತ್ತು. ಮೊದಲು ಹೋದವರು ಬಳಗದವರು. ಆಮೇಲೆ ಊರವರು. ಕೊನೆಗೆ ಸೌದೆ ಹೇರುವವರೂ ತಮ್ಮ ಸೈಕಲ್ಲುಗಳಿಂದ ಲಾರಿ ಟೈರಿನ ರಬ್ಬರು ಕಿತ್ತು ಬಿಸಾಡಿ, ಪೇಟೆಯ ರಬ್ಬರು ಹಾಕಿಸಿಕೊಂಡು, ತಿಂಗಳಿಗೊಮ್ಮೆ ಬದಲಾಯಿಸುತ್ತ ಚಿಕ್ಕಬೀರಪ್ಪನನ್ನೇ ಬೈದುಕೊಂಡು ತಿರುಗಿದರು. ಬಡವನ ಕೋಪ ದವಡೆಗೆ ಮೂಲ ಎಂದು ಅವನು ಹಲ್ಲು ಕಚ್ಚಿಕೊಂಡಿದ್ದ.

ಹೊರಗಿನದನ್ನು ಹೇಗೋ ತಡೆದುಕೊಂಡ. ಒಂದು ಸಂಜೆ ರೊಟ್ಟಿ ತಟ್ಟುತ್ತಿದ್ದ ಕಾಶಮ್ಮ, ತಲೆ ಎತ್ತದೆ ಕೇಳಿದಳು:

"ನಿಜ ಹೇಳಿ, ಬ್ರೇಕ್ ಸರಿ ಇತ್ತಾ?"

ಇವಳೂ ಕೇಳಿದಳಲ್ಲ ಎಂದು ಅವನ ಎದೆ ಒಡೆಯಿತು. ಹದಿನೈದು ದಿನ ಆ ಸೈಕಲ್ಲಿನ ಮುಂದೆ ಕೂತಿದ್ದಾಗ ಅನ್ನ ಹಿಡಿದು ಕಾದಿದ್ದವಳು ಅವಳು. ರಬ್ಬರು ಕುಯ್ಯುವಾಗ ಟೈರಿನ ತುದಿ ಹಿಡಿದುಕೊಂಡಿದ್ದವಳು. "ಮನೇಲೂ ಹೇಳಬೇಡ" ಎಂದಿದ್ದರು ಮೇಷ್ಟ್ರು. ಆಡಿದ ಮಾತು ಆಡಿದ್ದೇ. ಅವನು ತಟ್ಟೆ ಬಿಟ್ಟು ಎದ್ದುಹೋದ. ಕಾಶಮ್ಮ ಮತ್ತೆಂದೂ ಕೇಳಲಿಲ್ಲ. ಆದರೆ ಅಂದಿನಿಂದ ಅವಳು ಬಸವರಾಜನ ಹೆಸರಿನಲ್ಲಿ ಪ್ರತಿ ವರ್ಷ ಶಿವರಾತ್ರಿಗೆ ಒಪ್ಪತ್ತು ಮಾಡತೊಡಗಿದಳು. ಗಂಡನ ಕೈಯಿಂದ ಆದ ಪಾಪಕ್ಕೆ ಹೆಂಡತಿ ಹಸಿದಿರುತ್ತಿದ್ದಳು. ಅದನ್ನು ನೋಡುತ್ತ ಅವನು ಹನ್ನೊಂದು ಶಿವರಾತ್ರಿ ಕಳೆದ. ಒಳಗೇ ಬೆಂದುಹೋದ.

ಎಪ್ಪತ್ತೊಂಬತ್ತರಲ್ಲಿ ಅಜ್ಜಂಪುರಕ್ಕೆ ಬಂದರು. ಗೇಟಿನ ಬಳಿ ತಗಡು ನಿಂತಿತು. ಎಂಬತ್ತರಲ್ಲಿ ಬಳಗ ಮತ್ತೆ ಶುರುವಾಗಿ, ಕರಡಿಬಂಡೆಯ ತಿರುವಿಗೆ ಬಸವರಾಜನ ಹೆಸರಿಟ್ಟು ಒಂದು ಕಲ್ಲು ನಿಲ್ಲಿಸಿದರಂತೆ. ಕಲ್ಲಿನ ಮೇಲೆ ಬಳಗದ ಸ್ಥಾಪಕರು ಎಂದು ಜಯದೇವಪ್ಪನವರ ಹೆಸರಿದೆಯಂತೆ. ಹೊಸಬರಿಗೆ ಮೇಷ್ಟ್ರು ಮೊದಲು ಹೇಳಿಕೊಡುವ ಪಾಠ, ಹಿಂದಿನವನು ಮುಂದಿನವನ ಗಂಟು ನೋಡಬೇಕು ಎಂಬುದಂತೆ. ಇದನ್ನೆಲ್ಲ ಹೇಳಿದವನು ಪುಟ್ಟಯ್ಯ. ಗಾಳಿ ಹಾಕಿಸಿಕೊಳ್ಳಲು ನಿಂತವನು ಹೇಳಿ, ಚಿಕ್ಕಬೀರಪ್ಪನ ಮುಖ ನೋಡಲಾರದೆ ಚಿಲ್ಲರೆಯನ್ನೂ ಇಸಿದುಕೊಳ್ಳದೆ ಹೋದ.

ಎಂಬತ್ತೊಂಬತ್ತರ ಮಾಘ ಮಾಸದಲ್ಲಿ ಒಂದು ಮಧ್ಯಾಹ್ನ ಗೇಟು ಹಾಕಿತ್ತು. ಸಾಲಾಗಿ ನಿಂತ ಗಾಡಿಗಳ ನಡುವಿನಿಂದ ಒಂದು ಟೆಂಪೋ ಪಕ್ಕಕ್ಕೆ ಸರಿದು ಅಂಗಡಿಯ ಮುಂದೆ ನಿಂತಿತು. ಒಳಗೆಲ್ಲೋ ಗಂಟೆಯ ಸದ್ದಾಯಿತು. ಪಂಚರ್ ಹಾಕುತ್ತಿದ್ದ ಚಿಕ್ಕಬೀರಪ್ಪನ ಕೈ ನಿಂತಿತು. ಸಾವಿರ ದನದ ನಡುವೆಯೂ ಗುರುತು ಹಿಡಿಯುವ ಗಂಟೆ ಅದು.

ಇಳಿದವರು ತೀರ್ಥಮ್ಮ. ಷಣ್ಮುಖಪ್ಪ ಹೋಗಿ ವರ್ಷವಾಗಿತ್ತು. ಹಣೆಯಲ್ಲಿ ವಿಭೂತಿ ಮಾತ್ರ. ಡ್ರೈವರ್ ಹಿಂದಿನಿಂದ ಒಂದು ಸೈಕಲ್ ಇಳಿಸಿ ಬೇವಿನ ಮರಕ್ಕೊರಗಿಸಿದ. ಮುಂದಿನ ಚಕ್ರ ಸೊಟ್ಟಗಾಗಿತ್ತು, ಹ್ಯಾಂಡಲ್ ತಿರುಚಿತ್ತು. ಹನ್ನೆರಡು ವರ್ಷ ಅಟ್ಟದ ಮೇಲಿದ್ದ ಜೇಡರ ಬಲೆ ಹಾಗೇ ಇತ್ತು.

"ಚೆನ್ನಾಗಿದೀಯಾ ಬೀರಪ್ಪ?" ಎಂದರು ತೀರ್ಥಮ್ಮ.

"ಇದೀನಿ ಅಮ್ಮಾವ್ರೇ." ಅವನು ಹಲಗೆಯನ್ನು ಟವಲಿನಿಂದ ಒರೆಸಿದ. ಅವರು ಕೂತರು.

ಅವನಿಗೆ ತಡೆಯಲಾಗಲಿಲ್ಲ. ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಧೂಳು ಒರೆಸಿದ. ಲಾರಿ ಟೈರಿನ ರಬ್ಬರು ನಾಲ್ಕೂ ಇದ್ದವು. ಅವನ ಚಾಕುವಿನ ಗೆರೆ ಕೂಡ ಅಳಿಸಿರಲಿಲ್ಲ. ಬ್ರೇಕ್ ಹಿಡಿ ಒತ್ತಿದ. ತುಕ್ಕಿನ ಮೇಲೆ ಕಂಬಿ ಕಿರುಗುಟ್ಟಿತು, ರಬ್ಬರು ಹೋಗಿ ರಿಮ್ಮನ್ನು ಕಚ್ಚಿತು. ಹಿಂದಿನ ಚಕ್ರ ತಿರುಗಿಸಿ ಮತ್ತೆ ಒತ್ತಿದ; ನಿಂತಿತು. ಮತ್ತೆ ತಿರುಗಿಸಿದ, ಮತ್ತೆ ಒತ್ತಿದ. ಮಾತು ಕೊಟ್ಟಿದ್ದು ಬಾಯಿಗೆ ಮಾತ್ರ ತಾನೆ? ಕಣ್ಣಿರುವವರು ನೋಡಿದರೆ ಅದು ತನ್ನ ತಪ್ಪಲ್ಲ ಎಂದುಕೊಂಡ.

"ನೋಡಿ ಅಮ್ಮಾವ್ರೇ" ಎಂದ.

"ನೋಡೋದೇನು ಬಂತು, ಬ್ರೇಕ್ ಸರಿ ಇತ್ತು ಅಂತ ಗೊತ್ತು ಕಣಪ್ಪಾ" ಎಂದರು ತೀರ್ಥಮ್ಮ.

ಅವನು ತಿರುಗಿ ನೋಡಿದ.

"ಆಸ್ಪತ್ರೇಲಿ ಎರಡನೇ ದಿನ ಅವನಿಗೆ ಜ್ಞಾನ ಬಂದಿತ್ತು. ಮೇಷ್ಟ್ರು ಬಾಲ ಬಿಚ್ಚಿದ್ರಮ್ಮ, ಬೀರಣ್ಣನ್ನ ಬೈಬೇಡಿ ಅಂದ. ಅದೇ ಕಡೇ ಮಾತು."

"ಯಜಮಾನ್ರಿಗೆ..."

"ಅವರೂ ಪಕ್ಕದಲ್ಲೇ ಇದ್ರು." ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಏನು ಮಾಡಬೇಕಿತ್ತು ಹೇಳು? ಲಗ್ನಪತ್ರಿಕೆ ಹೋಗಿತ್ತು. ಬೀಗರನ್ನ ಜಗುಲಿ ಮೇಲೆ ನಿಲ್ಸೋಕಾಗುತ್ತಾ? ಹಾಗಂತ ಸುಮ್ಮನಿದ್ರೆ ಊರು ಕೇಳ್ತಿತ್ತು, ಹುಡುಗ ಹೆಂಗೆ ಸತ್ತ ಅಂತ. ಯಾರೋ ಒಬ್ರ ತಲೆ ಮೇಲೆ ಹೋಗಲೇಬೇಕಿತ್ತು. ನೀನಾದ್ರೆ ಹೊರಗಿನೋನು. ಕೇಸು ಆಗದೇ ಇರೋ ಹಂಗೆ ನೋಡ್ಕೊಂಡ್ರಲ್ಲ ಅವರು. ಅವತ್ತು ನೀನು ಬಾಯಿ ಬಿಟ್ಟುಬಿಡ್ತೀಯೇನೋ ಅಂತ ನಾನು ಒಳಗೆ ಕೂತು ನಡುಗ್ತಿದ್ದೆ. ನೀನು ಬಿಡ್ಲಿಲ್ಲ. ದೊಡ್ಡ ಗುಣ ನಿಂದು."

ಗೂಡ್ಸ್ ರೈಲು ಬಂತು. ಬ್ರೇಕ್ ಸರಿ ಇತ್ತೇನಪ್ಪಾ ಎಂದು ಕೇಳಿದ್ದರು ಷಣ್ಮುಖಪ್ಪ, ಅಷ್ಟು ಜನರ ಮುಂದೆ, ಅಷ್ಟು ಮೆತ್ತಗೆ. ಉತ್ತರ ಗೊತ್ತಿದ್ದೇ ಕೇಳಿದ್ದರು. ಆಮೇಲೆ ಕ್ಷಮಿಸಿದ್ದರು. ಯಾರಿಂದ ಮುಚ್ಚಿಡಲು ಅವನು ಹೆಂಡತಿಯನ್ನು ಹನ್ನೊಂದು ಶಿವರಾತ್ರಿ ಹಸಿವಿನಲ್ಲಿ ಕೂರಿಸಿದ್ದನೋ, ಅವರಿಗೆಲ್ಲ ಗೊತ್ತಿತ್ತು. ತಾನು ಏನೋ ಒಂದನ್ನು ಕೊಟ್ಟೆ ಎಂದುಕೊಂಡಿದ್ದ. ಅವರು ಮುಂಚೆಯೇ ಕಿತ್ತುಕೊಂಡಿದ್ದರು.

"ಈಗ್ಯಾಕೆ ತಂದ್ರಿ ಇದನ್ನ?" ಎಂದ.

"ಮೊಮ್ಮಗನಿಗೆ ಹನ್ನೊಂದು ವರ್ಷ ಆಯ್ತು. ಮಾವನ ಸೈಕಲ್ಲೇ ಬೇಕು ಅಂತ ಹಟ. ಅವರ ತಾತನ ಜೊತೆ ಗುಡ್ಡಕ್ಕೆ ಹೋಗಬೇಕಂತೆ." ಅವರ ತಾತ ಎಂದರೆ ಮೇಷ್ಟ್ರು. "ತರೀಕೆರೇಲಿ ಮಾಡಿಸೋಣ ಅಂದ್ರು. ನಾನೇ ಬೇಡ ಅಂದೆ. ಗುಡ್ಡ ಇಳಿಯೋ ಸೈಕಲ್ಲು, ಬೀರಪ್ಪನ ಕೈಲೇ ಆಗಬೇಕು, ಬೇರೆಯೋರನ್ನ ನಂಬಕಾಗಲ್ಲ ಅಂದೆ. ಮೊದಲು ಹೆಂಗಿತ್ತೋ ಹಂಗೇ ಮಾಡಿಕೊಡಪ್ಪಾ."

ಚಿಕ್ಕಬೀರಪ್ಪ ಎದ್ದ. ಪಾನಾ ತೆಗೆದುಕೊಂಡು ಸೀಟಿನ ಕೆಳಗೆ ಕೈ ಹಾಕಿದ. ತುಕ್ಕು ಹಿಡಿದ ತಿರುಪು, ಎರಡು ಸಲ ಜಾರಿ ಮೂರನೆಯ ಸಲ ಬಿಚ್ಚಿಕೊಂಡಿತು. ಗಂಟೆಯನ್ನು ಟವಲಿನಲ್ಲಿ ಸುತ್ತಿ ಪಕ್ಕಕ್ಕಿಟ್ಟ.

"ಇದು ನಮ್ಮಪ್ಪಂದು" ಎಂದ. ಆಮೇಲೆ ಸೈಕಲ್ಲನ್ನು ತಾನೇ ಎತ್ತಿ ಟೆಂಪೋದೊಳಗೆ ಇಟ್ಟ.

"ಯಾಕೆ ಬೀರಪ್ಪ?"

"ಬ್ರೇಕಿನ ಕೆಲ್ಸ ನಾನು ಮಾಡಲ್ಲ ಅಮ್ಮಾವ್ರೇ. ಮೂರೂರಲ್ಲಿ ಯಾರ್ನಾದ್ರೂ ಕೇಳಿ, ಹೇಳ್ತಾರೆ. ಪಂಚರ್ ಒಂದೇ."

ತೀರ್ಥಮ್ಮ ಇನ್ನೂ ಏನೋ ಹೇಳಲು ಹೋದರು. ಗೇಟು ಎತ್ತಿದರು, ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು, ಡ್ರೈವರ್ ಕರೆದ. ಅವರು ಹತ್ತಿ ಹೋದರು.

ಸದ್ದು ಕೇಳಿ ಕಾಶಮ್ಮ ಹಿತ್ತಿಲಿನಿಂದ ಬಂದಳು. ಟವಲು ಬಿಚ್ಚಿ ಗಂಟೆಯನ್ನು ನೋಡಿದಳು, ಗಂಡನ ಮುಖ ನೋಡಿದಳು.

"ಮಂಡಿ ಅಮ್ಮಾರಲ್ವಾ? ಏನಂತೆ?"

"ಬ್ರೇಕ್ ಸರಿ ಇತ್ತಂತೆ."

ಕಾಶಮ್ಮ ಹಲಗೆಯ ಮೇಲೆ ಕುಸಿದು ಕೂತಳು.

"ಯಾವಾಗ ಗೊತ್ತಾಯ್ತಂತೆ?"

"ಅವತ್ತೇ" ಎಂದ ಚಿಕ್ಕಬೀರಪ್ಪ, ಮತ್ತೆ ಪಂಚರ್ ಹಾಕಲು ಕೂತ.